ಕಂಪ್ಯೂಟರ್ ತನ್ನಷ್ಟಕ್ಕೇ ರೀಸ್ಟಾರ್ಟ್ ಆಗ್ತಿದೆ. ಫಾರ್ಮ್ಯಾಟ್ ಮಾಡಿಸಲೋ, ಹೊಸದು ತಗೊಳ್ಳಲೋ?

ಎರಡೂ ಬೇಡ. ವಿಂಡೋಸ್ ಕೆಟ್ಟಾಗ ಕಾಣುವ ನೀಲಿ ಪರದೆ ಬರುವುದಿಲ್ಲ, ಕಂಪ್ಯೂಟರಿನೊಳಗಿನ ಫ್ಯಾನಿನ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಗುತ್ತದೆ ಎಂದಿದ್ದೀರಿ. ಜೊತೆಗೆ ‘ಮನೆಗೆ ಇನ್ವರ್ಟರ್ ಇದೆ, ಹಾಗಾಗಿ ಕರೆಂಟಿನ ತೊಂದರೆ ಇರಲಾರದು’ ಎಂದೂ ಬರೆದಿದ್ದೀರಿ. ಆ ಮಾತು ಮಾತ್ರ ನಾನು ಒಪ್ಪಲಾರೆ. ಅದೇ ನಂಬಿಕೆ ನನ್ನನ್ನು ಇಡೀ ಒಂದು ಮಳೆಗಾಲ ಅಲೆಸಿದೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಮನೆಯಲ್ಲೇ ಡಿಟಿಪಿ ಕೆಲಸ. ಮದುವೆ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ, ಇಂಥವು. ಮಳೆ ಹಿಡಿದದ್ದೇ ತಡ, ಟೈಪ್ ಮಾಡುತ್ತಿದ್ದ ಹಾಗೇ ಕಂಪ್ಯೂಟರ್ ರೀಸ್ಟಾರ್ಟ್ ಆಗತೊಡಗಿತು. ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇರುತ್ತಿತ್ತು, ದೀಪ ಉರಿಯುತ್ತಲೇ ಇರುತ್ತಿತ್ತು. ಹಾಗಾಗಿ ಕರೆಂಟಿನ ಮೇಲೆ ಅನುಮಾನವೇ ಬರಲಿಲ್ಲ. ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್ ತೆರೆದು, ಕೆಂಪು ಗುರುತಿನ ‘ಕರ್ನಲ್-ಪವರ್ 41’ ತೋರಿಸಿ, ‘ವಿಂಡೋಸ್ ಕರ್ನಲ್ಲೇ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು, ಡಿ ಡ್ರೈವ್ ಹಾಗೇ ಇರುತ್ತೆ’ ಎಂದ. ಹೂಂ ಎಂದೆ.

ಆ ಹೂಂ ಎಷ್ಟು ದುಬಾರಿಯಾಯಿತು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಡಿ ಡ್ರೈವ್ ಹಾಗೇ ಇತ್ತು, ನಿಜ. ಆದರೆ ಡೆಸ್ಕ್‌ಟಾಪ್ ಮೇಲೆ ಕಾಣುವ ಫೋಲ್ಡರ್‌ಗಳು ಇರುವುದು ಸಿ ಡ್ರೈವ್‌ನಲ್ಲಿ. ಊರಿನ ಹಿರಿಯ ಭಾಗವತರೊಬ್ಬರು ಕೈಬರಹದಲ್ಲಿ ಇಟ್ಟಿದ್ದ ಯಕ್ಷಗಾನ ಪ್ರಸಂಗದ ಪದ್ಯಗಳನ್ನು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಅವರ ಎದುರು ಕೂತು ತಾಳ ತಪ್ಪಿದ ಸಾಲುಗಳನ್ನು ತಿದ್ದಿ, ಡೆಸ್ಕ್‌ಟಾಪ್ ಮೇಲೇ ಇಟ್ಟುಕೊಂಡಿದ್ದೆ. ಅದು ಹೋಯಿತು. ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಸ್ವಲ್ಪವಾದರೂ ಹೊರತೆಗೆಯಬಹುದಿತ್ತೇನೋ. ನನ್ನದು ಚಿಪ್‌ಗಳಲ್ಲಿ ಫೈಲ್ ಇಡುವ ಹೊಸ ಬಗೆಯ ಡ್ರೈವ್, ಎಸ್‌ಎಸ್‌ಡಿ. ಅದರಲ್ಲಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ‘ಟ್ರಿಮ್’ ಆದೇಶ ಕಳಿಸುತ್ತದೆ, ಡ್ರೈವ್ ತಾನೇ ಆ ಜಾಗವನ್ನು ಒರೆಸಿಬಿಡುತ್ತದೆ. ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿ ಫಲವಿಲ್ಲ. ಮೂಲ ಪ್ರತಿ ಉಳಿದಿತ್ತು, ಆದರೆ ಆ ತಿದ್ದುಪಡಿಗಳು ಬಾಯಲ್ಲಿ ಹೇಳಿದ್ದವು.

ಇಷ್ಟಾದರೂ ಫಾರ್ಮ್ಯಾಟ್ ಫಲಿಸಿತು ಎಂದೇ ನಂಬಿದ್ದೆ. ಮಳೆ ಹೊಳವಾಗಿ, ಲೈನಿಗೆ ಟೊಂಗೆ ತಾಗುವುದು ನಿಂತು, ಕೆಲವು ದಿನ ತೊಂದರೆ ಇರಲಿಲ್ಲ. ಮಳೆ ಮತ್ತೆ ಹಿಡಿಯಿತು, ರೀಸ್ಟಾರ್ಟೂ ಮತ್ತೆ ಬಂತು, ಮತ್ತೆ ಫಾರ್ಮ್ಯಾಟ್. ಅಂಗಡಿಯಲ್ಲಿ ಇಡೀ ದಿನ ಓಡಿಸಿದರೂ ಅದು ಒಮ್ಮೆಯೂ ರೀಸ್ಟಾರ್ಟ್ ಆಗಿರಲಿಲ್ಲ. ಕೆಟ್ಟಿದ್ದು ಕಂಪ್ಯೂಟರೋ ಮನೆಯ ವೈರಿಂಗೋ ಎಂದು ಅಲ್ಲೇ ಕೇಳಬೇಕಿತ್ತು. ಇನ್ನು ಆ 41 ಎಂಬುದು ಕಾರಣವೇ ಅಲ್ಲ. ಅದು ರೀಸ್ಟಾರ್ಟ್ ಆದ ಮೇಲೆ ಬರೆಯುವ ದಾಖಲೆ. ಬೆಳಿಗ್ಗೆ ಎದ್ದವರು ‘ರಾತ್ರಿ ಬಾಗಿಲು ತೆರೆದೇ ಇತ್ತು’ ಎಂದ ಹಾಗೆ. ತೆರೆದವರು ಯಾರೆಂದು ಅದರಲ್ಲಿ ಇಲ್ಲ.

ಕಡೆಗೆ ಹಿಡಿದುಕೊಟ್ಟವರು ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಲು ಬಂದ ಎಲೆಕ್ಟ್ರಿಷಿಯನ್. ‘ಕಂಪ್ಯೂಟ್ರೂ ಇದ್ರ ಮೇಲೇ ಓಡ್ತದಾ ಹೆಗಡೇರೇ?’ ಎಂದು ಕೇಳಿ, ಇನ್ವರ್ಟರನ್ನು ಗೋಡೆಯಿಂದ ಈಚೆಗೆ ಎಳೆದು, ಜೇಡರ ಬಲೆ ಒರೆಸಿದರು. ಹಿಂದೆ ಒಂದು ಪುಟ್ಟ ಕಪ್ಪು ಸ್ವಿಚ್. ಒಂದು ಕಡೆ ‘ನಾರ್ಮಲ್’, ಇನ್ನೊಂದು ಕಡೆ ‘ಯುಪಿಎಸ್’. ನಮ್ಮದು ತಂದ ದಿನದಿಂದ ನಾರ್ಮಲ್‌ನಲ್ಲೇ ಇತ್ತು.

ವಿಷಯ ಇಷ್ಟು. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಇನ್ವರ್ಟರ್‌ಗೆ ನಾರ್ಮಲ್ ಮೋಡ್‌ನಲ್ಲಿ ಸುಮಾರು 40 ಮಿಲಿಸೆಕೆಂಡ್‌ವರೆಗೂ ಬೇಕಾಗಬಹುದು. ಯುಪಿಎಸ್ ಮೋಡ್‌ನಲ್ಲಿ ಸುಮಾರು 10 ಸಾಕು. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಪೆಟ್ಟಿಗೆ) ಪೂರ್ತಿ ಲೋಡ್ ಇದ್ದಾಗ ಕರೆಂಟಿಲ್ಲದೆ ತಡೆದುಕೊಳ್ಳುವುದು 16-17 ಮಿಲಿಸೆಕೆಂಡ್ ಮಾತ್ರ; ಹಳೆಯದು, ಅಗ್ಗದ್ದು ಆದರೆ ಇನ್ನೂ ಕಡಿಮೆ. ಅಷ್ಟು ಮೀರಿದರೆ ಅದು ಮದರ್‌ಬೋರ್ಡಿಗೆ ಕೊಡುತ್ತಿದ್ದ ‘ಪವರ್ ಗುಡ್’ ಸಂಕೇತ ಬೀಳುತ್ತದೆ. ತಕ್ಷಣ ಕರೆಂಟ್ ಬಂದರೆ ಬೋರ್ಡ್ ಮೊದಲಿನಿಂದ ಶುರುಮಾಡುತ್ತದೆ. ತಲೆಯ ಮೇಲಿನ ಫ್ಯಾನಿಗೆ ಈ ಸಂದು ಗೊತ್ತೇ ಆಗುವುದಿಲ್ಲ.

ನೀವು ಪರೀಕ್ಷೆ ಮಾಡುವುದಾದರೆ ಬಯೋಸ್ (ವಿಂಡೋಸ್‌ಗೂ ಮೊದಲು ಶುರುವಾಗುವ ಮದರ್‌ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ಸ್ ಪರದೆಯಲ್ಲಿ ಮಾಡಿ. ಅಲ್ಲಿ ವಿಂಡೋಸ್ ಓಡುತ್ತಿರುವುದಿಲ್ಲ, ಫೈಲ್ ಕೆಡುವ ಭಯವಿಲ್ಲ. ಏನನ್ನೂ ಬದಲಿಸದೆ ಸುಮ್ಮನೆ ಬಿಟ್ಟು, ಮನೆಯವರಿಗೆ ಮೇನ್ ಎಂಸಿಬಿ (ಮನೆಗೆ ಬರುವ ಕರೆಂಟಿನ ಮುಖ್ಯ ಸ್ವಿಚ್) ಇಳಿಸಲು ಹೇಳಿ. ಕೆಲವು ಸಲ ಇಳಿಸಿ ಏರಿಸಿ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ನಿರಪರಾಧಿ. ಆಗ ಆ ಸ್ವಿಚ್ ಹುಡುಕಿ ‘ಯುಪಿಎಸ್’ ಕಡೆಗೆ ಹಾಕಿ.

ಸ್ವಿಚ್ ಬದಲಿಸಿದ ಮೇಲೂ ನಿಲ್ಲದಿದ್ದರೆ ನನ್ನ ಮುಂದಿನ ಅನುಮಾನ ಎಸ್‌ಎಂಪಿಎಸ್ ಮೇಲೆ, ಅದರಲ್ಲೂ ಕ್ಯಾಬಿನೆಟ್ ಜೊತೆಗೇ ಬಂದದ್ದಾದರೆ. ಪರಿಚಯದವರ ಒಳ್ಳೆಯದೊಂದನ್ನು ತಂದು ಹಾಕಿ ನೋಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನೇ ಬಿಚ್ಚಲು ಮಾತ್ರ ಹೋಗಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಮೇಲ್ಪಟ್ಟು ಉಳಿದಿರಬಹುದು. ರ‍್ಯಾಮ್ ಅನುಮಾನವಿದ್ದರೆ ರಾತ್ರಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಓಡಿಸಿ ಮಲಗಿ.

ಒಂದು ತೊಡಕು ಹೇಳಬೇಕು. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ನಮ್ಮಂಥ ಕಡೆ ಸಂಜೆ ಹೊತ್ತು ಬ್ಯಾಟರಿ ಬೇಗ ಇಳಿಯುತ್ತದೆ. ಅದಕ್ಕೇ ನಾನು ಆಮೇಲೆ ಕಂಪ್ಯೂಟರಿಗೇ ಬೇರೆ 600 ವಿಎ ಯುಪಿಎಸ್ ತಂದೆ. ನಿಮ್ಮದು ಸ್ಕ್ವೇರ್ ವೇವ್ (ಕರೆಂಟಿನ ಅಲೆ ನಯವಾಗಿರದೆ ಚೌಕಾಕಾರದ) ಇನ್ವರ್ಟರ್ ಆಗಿದ್ದರೆ ಅದರ ಕರೆಂಟನ್ನು ಇಂಥ ಯುಪಿಎಸ್ ಒಪ್ಪದೇ ಇರಬಹುದು, ಕೊಳ್ಳುವ ಮುಂಚೆ ವಿಚಾರಿಸಿ.

ಹಿಂದುಗಡೆ ಸ್ವಿಚ್ ಕಾಣದಿದ್ದರೆ ಇನ್ವರ್ಟರ್ ಮಾಡೆಲ್ ಯಾವುದೆಂದು ಬರೆಯಿರಿ, ಕೆಲವದರಲ್ಲಿ ಅದು ಮುಂಭಾಗದಲ್ಲೇ ಇರುತ್ತದೆ.