ಸಹಿ ಹಾಕುವ ಮೊದಲು

ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನೀವು ಹಾಜರಿ ರಿಜಿಸ್ಟರ್ ನೋಡಿಕೊಳ್ಳುತ್ತೀರಿ. ಓಟಿ (ಹೆಚ್ಚುವರಿ ಕೆಲಸದ) ಗಂಟೆ ಕಡಿಮೆ ತೋರಿಸಿ ಸಹಿ ಹಾಕು ಅಂತ ಮ್ಯಾನೇಜರ್ ಒತ್ತಾಯ. ಮನೆ ಬಾಡಿಗೆ, ತಮ್ಮನ ಫೀಸು ಎರಡೂ ನಿಮ್ಮ ಸಂಬಳದಲ್ಲೇ ಆಗಬೇಕು. "ಎಲ್ಲಾ ದೇವರ ಕೈಯಲ್ಲಿದೆ, ಸುಮ್ನಿರು" ಅನ್ನುತ್ತಾರೆ ಅಮ್ಮ. ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವಾಗ ಕೈ ನಡುಗುತ್ತದೆ, ನನಗೆ ಪಾಪ ತಟ್ಟದ ಹಾಗೆ ಏನು ಮಾಡಲಿ ಎಂದು ಕೇಳಿದ್ದೀರಿ.

ತಂಗಿ, ಆ ನಡುಕಕ್ಕೆ ಹೆದರಬೇಡಿ. ಮನಸ್ಸಾಕ್ಷಿ ಒಳಗಿನಿಂದ ಸಾಕ್ಷಿ ಹೇಳುತ್ತದೆ ಅಂತ ಪೌಲ ರೋಮಾಪುರದವರಿಗೆ ಬರೆದದ್ದು ಇದನ್ನೇ.

ನನ್ನನ್ನು ಕಾಡಿದ್ದು, ಪಾಪ ತಟ್ಟಬಾರದು ಅನ್ನುವ ನಿಮ್ಮ ಪ್ರಶ್ನೆ. ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ರೋಮನ್ ಅಧಿಪತಿ ಪೊಂತ್ಯ ಪಿಲಾತನ ಹೆಸರು ಹೇಳುತ್ತೇವೆ, ಅಲ್ವಾ? ಯೇಸುವಿನಲ್ಲಿ ತಪ್ಪಿಲ್ಲ ಅಂತ ಅವನಿಗೆ ಗೊತ್ತಿತ್ತು. ಗಲಾಟೆಗೆ ಹೆದರಿದ. ನೀರು ತರಿಸಿ ಕೈ ತೊಳೆದು, ಶಿಲುಬೆಗೆ ಒಪ್ಪಿಸಿದ. ತನಗೆ ಪಾಪ ತಟ್ಟಬಾರದು ಅನ್ನುವುದೇ ಅವನ ಚಿಂತೆಯೂ ಆಗಿತ್ತು. ದೇವರು ಚರಿತ್ರೆಯೊಳಗೆ ಇಳಿದು ಬಂದ ಅಂತ ನಾವು ನಂಬುತ್ತೇವೆ. ಆ ಚರಿತ್ರೆಯಲ್ಲಿ ಒಬ್ಬ ಅಧಿಕಾರಿಯ ತೀರ್ಮಾನ ಲೆಕ್ಕಕ್ಕೆ ಬಂದಿದ್ದರೆ, ನಿಮ್ಮ ಸಹಿಯೂ ಬರುತ್ತದೆ.

ಜರ್ಮನಿಯ ಪಾಸ್ಟರ್ ಡೀಟ್ರಿಶ್ ಬೋನ್‌ಹೋಫರ್ 1939ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದರು. ಅಲ್ಲೇ ಕ್ಷೇಮವಾಗಿ ಇರಬಹುದಿತ್ತು. ಕೆಲವೇ ವಾರಗಳಲ್ಲಿ ಹಿಟ್ಲರನ ಜರ್ಮನಿಗೆ ವಾಪಸಾದರು. ಹಿಟ್ಲರನನ್ನು ವಿರೋಧಿಸಿದ್ದಕ್ಕೆ 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ನಾನು ಹೇಗೆ ಪಾರಾಗಲಿ ಅನ್ನುವುದಕ್ಕಿಂತ, ಮುಂದಿನವರು ಹೇಗೆ ಬದುಕುತ್ತಾರೆ ಅನ್ನುವುದೇ ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ನೀವೂ ಹೊಲಿಗೆ ಲೈನಿನ ಅಕ್ಕಂದಿರನ್ನು ನೆನೆದು ಕೇಳಿಕೊಳ್ಳಿ. ಓಟಿಗೆ ಕಾನೂನಿನ ಪ್ರಕಾರ ದುಪ್ಪಟ್ಟು ಕೂಲಿ. ನೀವು ಅಳಿಸುವ ಒಂದು ಗಂಟೆ ಅವರ ಮನೆಗೆ ಎರಡು ಗಂಟೆಯ ದುಡ್ಡು.

ಅಮ್ಮನ ನಂಬಿಕೆ ಸುಳ್ಳಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಕ್ರೈಸ್ತ ಚಿಂತಕ ಎಂ. ಎಂ. ಥಾಮಸ್ ಕೂಡ ಚರಿತ್ರೆ ದೇವರ ಕೈಯಲ್ಲಿದೆ ಅಂತಲೇ ನಂಬಿದ್ದರು. ಹಾಗೆ ನಂಬಿಯೇ 1975ರ ತುರ್ತು ಪರಿಸ್ಥಿತಿಯ ವಿರುದ್ಧ ಬರೆದರು.

ಸಹಿ ಹಾಕಬೇಡಿ. ಆದರೆ ಒಬ್ಬರೇ ಹೋಗಿ ಮ್ಯಾನೇಜರ್ ಮುಂದೆ ನಿಲ್ಲಲೂ ಬೇಡಿ. ದಿನದ ಓಟಿ ಗಂಟೆಗಳನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಅಕ್ಕಂದಿರ ಜೊತೆ ಮಾತಾಡಿ. ಯೂನಿಯನ್ ಇದ್ದರೆ ಅಲ್ಲಿಗೆ ಹೋಗಿ, ಇಲ್ಲವಾದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಬೇರೆ ಕೆಲಸವನ್ನೂ ಈಗಲೇ ಹುಡುಕಿ. ಅಷ್ಟರಲ್ಲಿ ಬಾಡಿಗೆಗೆ ಹೆದರಿ ಒಂದು ತಿಂಗಳು ಸಹಿ ಹಾಕಿಬಿಟ್ಟರೆ, ಹೆದರಿ ಹಾಕಿದೆ ಅಂತ ದೇವರ ಮುಂದೆ ಒಪ್ಪಿಕೊಳ್ಳಿ. ದೇವರ ಚಿತ್ತ ಅಂತ ಮಾತ್ರ ಅನ್ನಬೇಡಿ. ಕರ್ತನ ಭೋಜನ ಬಿಡಬೇಡಿ. ಮರುದಿನ ಮತ್ತೆ ಆ ನೋಟ್‌ಬುಕ್ ತೆಗೆಯಿರಿ.