ನಾಟಿಂಗ್‌ಹ್ಯಾಮ್‌ಗೆ ಹೊಸಬರಾ? ಮೊದಲು ನಾಟ್ಸ್ ಕೌಂಟಿ ಆಟ ನೋಡಿ

ಕೆಲಸಕ್ಕೆಂದು ನಾಟಿಂಗ್‌ಹ್ಯಾಮ್‌ಗೆ ಬಂದಿದ್ದೀನಿ, ಸೋಮವಾರ ಬಂತೆಂದರೆ ಆಫೀಸಿನಲ್ಲಿ ಬರೀ ಫುಟ್‌ಬಾಲ್ ಮಾತು, ನನಗೆ ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲ, ಇವರ ಜೊತೆ ಬೆರೆಯೋದು ಹೇಗೆ ಅಂತ ಕೇಳಿದ್ದೀರಿ. ಈ ಊರಲ್ಲೇ ಸಂಸಾರ ಹೂಡಿರುವ ನನ್ನ ಸಲಹೆ: ಊರಿನ ಇನ್ನೊಂದು ಫುಟ್‌ಬಾಲ್ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಟಿಕೆಟ್ಟಿಗೆ ಪರದಾಡುವ ಮುಂಚೆ ಒಂದು ಸಲ ನಾಟ್ಸ್ ಕೌಂಟಿ ಆಟಕ್ಕೆ ಹೋಗಿಬನ್ನಿ.

ಪ್ರಪಂಚದ ವೃತ್ತಿಪರ ಫುಟ್‌ಬಾಲ್ ಕ್ಲಬ್ಬುಗಳಲ್ಲೇ ಹಿರಿಯದು ಇದು. ಹುಟ್ಟಿದ್ದು 1862ರಲ್ಲಿ. ಕ್ರಿಕೆಟ್ ಗೊತ್ತಲ್ಲ, ಅಲ್ಲಿಂದಲೇ ಶುರುಮಾಡಿ: 2011ರಲ್ಲಿ ನಮ್ಮ ದ್ರಾವಿಡ್ 117 ಹೊಡೆದ ಟ್ರೆಂಟ್ ಬ್ರಿಜ್ ಮೈದಾನವೇ ಒಂದು ಕಾಲಕ್ಕೆ ಕೌಂಟಿಯ ಮನೆ. 1910ರಲ್ಲಿ ಟ್ರೆಂಟ್ ನದಿಯ ಈಚೆ ದಡದ ಮೆಡೋ ಲೇನ್ ಮೈದಾನಕ್ಕೆ ಬಂತು. ಎರಡನೇ ಡಿವಿಷನ್‌ನಲ್ಲಿದ್ದುಕೊಂಡೇ 1894ರ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿ) ಗೆದ್ದ ತಂಡ. ಫೈನಲ್‌ನಲ್ಲಿ ಬೋಲ್ಟನ್ ಮೇಲೆ 4-1, ಅದರಲ್ಲಿ ಜಿಮ್ಮಿ ಲೋಗನ್ ಒಬ್ಬನದೇ ಮೂರು ಗೋಲು.

ಇಟಲಿಯ ದೊಡ್ಡ ಕ್ಲಬ್ ಯುವೆಂಟಸ್‌ನವರ ಕಪ್ಪು-ಬಿಳಿ ಪಟ್ಟೆ ಅಂಗಿ ನೋಡಿರ್ತೀರಿ. ಅದು ಇಲ್ಲಿಂದಲೇ ಹೋದದ್ದು. ಮೊದಲು ಅವರದು ಗುಲಾಬಿ ಅಂಗಿ. 1903ರಲ್ಲಿ ಅವರ ತಂಡದಲ್ಲಿದ್ದ ಜಾನ್ ಸ್ಯಾವೇಜ್ ಎಂಬ ಇಂಗ್ಲಿಷಿನವನು ನಾಟಿಂಗ್‌ಹ್ಯಾಮ್‌ನ ಗೆಳೆಯನಿಂದ ಕೌಂಟಿ ಅಂಗಿಗಳನ್ನು ತರಿಸಿಕೊಂಡ. 2011ರಲ್ಲಿ ಟ್ಯೂರಿನ್‌ನಲ್ಲಿ ಹೊಸ ಸ್ಟೇಡಿಯಂ ತೆರೆದಾಗ ಯುವೆಂಟಸ್ ಮೊದಲ ಆಟಕ್ಕೆ ಕರೆದದ್ದು ಕೌಂಟಿಯನ್ನೇ. ಆಟ 1-1. ಇಷ್ಟು ದೊಡ್ಡವರಾದ ಮೇಲೂ ಅವರು ಮರೆಯಲಿಲ್ಲ ಅನ್ನೋದು ನನಗೆ ಬಹಳ ಇಷ್ಟ.

ಆದರೆ ಜನರ ಮನಸ್ಸು ತಿಳಿಯಬೇಕೆಂದರೆ 2019 ತಿಳಿದಿರಬೇಕು. 1888ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಕಟ್ಟಿದ ಹನ್ನೆರಡು ತಂಡಗಳಲ್ಲಿ ಒಂದಾದ ಕೌಂಟಿ ಆ ವರ್ಷ ಲೀಗ್‌ನಿಂದಲೇ ಹೊರಬಿದ್ದು ಕೆಳಗಿನ ಹಂತಕ್ಕೆ ಇಳಿಯಿತು. ಆಗಲೂ ಜನ ಕೈಬಿಡಲಿಲ್ಲ. 2023ರಲ್ಲಿ 107 ಪಾಯಿಂಟ್ ಗಳಿಸಿಯೂ ರೆಕ್ಸಮ್‌ನ 111ರ ಮುಂದೆ ಎರಡನೇ ಸ್ಥಾನ. ಕೊನೆಗೆ ಬಡ್ತಿಗಾಗಿ ನಡೆದ ಪ್ಲೇಆಫ್ ಫೈನಲ್‌ನಲ್ಲಿ, ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ, ಚೆಸ್ಟರ್‌ಫೀಲ್ಡ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಲೀಗ್‌ಗೆ ವಾಪಸಾಯಿತು. ಮೆಡೋ ಲೇನ್‌ನಲ್ಲಿ ಪಕ್ಕದ ಸೀಟಿನ ಹಿರಿಯರನ್ನು "ಆವತ್ತು ವೆಂಬ್ಲಿಗೆ ಹೋಗಿದ್ರಾ?" ಅಂತ ಕೇಳಿ ನೋಡಿ, ಹಾಫ್‌ಟೈಮ್ ಪೈ ಆರಿಹೋದರೂ ಮಾತು ಮುಗಿಯಲ್ಲ.

ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ದಪ್ಪ ಕೋಟು ಹಾಕ್ಕೊಳ್ಳಿ, ನದಿ ಕಡೆಯ ಗಾಳಿ ಕೊರೆಯುತ್ತೆ. ಆಫೀಸಿನಲ್ಲಿ ಫಾರೆಸ್ಟ್‌ನವರೇ ಹೆಚ್ಚಿದ್ದರೆ ಅದಕ್ಕೂ ಯೋಚನೆ ಬೇಡ: ಫಾರೆಸ್ಟ್ ಗೆದ್ದ 1979, 1980ರ ಯುರೋಪಿಯನ್ ಕಪ್ ವಿಷಯ ಎತ್ತಿ, ಮಿಕ್ಕಿದ್ದನ್ನು ಅವರೇ ಹೇಳ್ತಾರೆ.