ನರ ಸಿಗದ ಕೈಗೆ ಬೆಂಗಳೂರಿನ ಯಂತ್ರವೇ ಬೇಕೇ?

ಪ್ರತಿ ಸಲವೂ ನಾಲ್ಕಾರು ಕಡೆ ಚುಚ್ಚಿಸಿಕೊಂಡು ಬೇಸತ್ತಿರುವ ನೀವು, ನರ ತೋರಿಸುವ ಯಂತ್ರವಿರುವ ಲ್ಯಾಬಿಗಾಗಿ ಹೊಸನಗರದಿಂದ ಬೆಂಗಳೂರಿಗೆ ಹೋಗುವುದೋ, ಶಿವಮೊಗ್ಗದಿಂದ ಮನೆಗೇ ಬಂದು ರಕ್ತ ತೆಗೆಯುವವರನ್ನು ಕರೆಸುವುದೋ ಎಂದು ಕೇಳಿದ್ದೀರಿ. ಎರಡೂ ಬೇಡವೆಂಬುದು ನನ್ನ ಉತ್ತರ. ನಾನೂ ನಿಮ್ಮಂಥದೇ ಕೈಯವಳು. ನರ ಸಿಗದೆ ಪಟ್ಟ ನೋವು ಒಂದು ತೂಕವಾದರೆ, ನರ ಸಿಗಲೆಂದು ನಾನೇ ಮಾಡಿಕೊಂಡ ಒಂದು ಉಪಾಯದಿಂದ ಆದ ನಷ್ಟವೇ ಹೆಚ್ಚಿನದು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆಯ ಕಡೆಗಿರುವ ಊರು. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಮಾತ್ರೆ ಆರಂಭಿಸಿದ ವೈದ್ಯರು, ಅದು ಕೆಲವರಲ್ಲಿ ಪೊಟ್ಯಾಸಿಯಂ ಏರಿಸುವುದರಿಂದ ಕೆಲವು ವಾರ ಬಿಟ್ಟು ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕೆಂದೂ, ಜೊತೆಗೆ ಬರಿಹೊಟ್ಟೆಯ ಸಕ್ಕರೆಯನ್ನೂ ನೋಡೋಣವೆಂದೂ ಹೇಳಿದ್ದರು. ಆಷಾಢದ ಜಡಿಮಳೆಯ ದಿನಗಳು. ಬರಿಹೊಟ್ಟೆ ಎಂದರೆ ಏಕಾದಶಿಯ ನಿರ್ಜಲ ಉಪವಾಸದಂತೆ ನೀರನ್ನೂ ಮುಟ್ಟಬಾರದೆಂದು ನಾನು ತಿಳಿದಿದ್ದೆ. ಹಿಂದಿನ ರಾತ್ರಿಯಿಂದ ತೊಟ್ಟು ನೀರಿಲ್ಲದೆ ಮೊದಲ ಬಸ್ಸು ಹತ್ತಿ, ಸರಿಯಾಗಿ ಮುಚ್ಚದ ಕಿಟಕಿಯ ಪಕ್ಕ ಕುಳಿತು ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ತಲುಪುವಷ್ಟರಲ್ಲಿ ನನ್ನ ಬೆರಳುಗಳು ಮರಗಟ್ಟಿದ್ದವು. ದೇಹದಲ್ಲಿ ನೀರು ಕಡಿಮೆಯಾದರೆ ನರ ತುಂಬಿಕೊಳ್ಳುವುದಿಲ್ಲ, ಚಳಿಯಾದರೆ ಇನ್ನಷ್ಟು ಮುದುಡುತ್ತದೆ. ನಾನು ಎರಡನ್ನೂ ಸಾಧಿಸಿಕೊಂಡೇ ಲ್ಯಾಬಿನ ಬಾಗಿಲು ತಟ್ಟಿದ್ದೆ.

ಅಲ್ಲಿದ್ದ ಹುಡುಗ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈಯ ಒಳಮಡಿಕೆಯನ್ನು ತಟ್ಟಿ ತಟ್ಟಿ ನೋಡಿದ. ಏನೂ ಏಳಲಿಲ್ಲ. ಅವನಿಗೆ ನೆರವಾಗಲೆಂದು ನಾನು ಮುಷ್ಟಿಯನ್ನು ಬಿಗಿದು ಬಿಚ್ಚಲು ಆರಂಭಿಸಿದೆ. ಹಿಂದೆ ಯಾರೋ ಹೇಳಿಕೊಟ್ಟಿದ್ದ ಈ ಉಪಾಯದಲ್ಲಿ ನನಗೆ ಅಪಾರ ನಂಬಿಕೆಯಿತ್ತು. ಅವನು ಬೇಡವೆನ್ನಲಿಲ್ಲ, ‘ಹಾಗೇ ಮಾಡ್ತಾ ಇರಿ ಅಮ್ಮ’ ಎಂದ. ಬಲಗೈ ಆಯಿತು, ಎಡಗೈ ಆಯಿತು, ಮುಂಗೈಯ ಹಿಂಭಾಗವೂ ಆಯಿತು. ಸೂಜಿ ಒಳಗೆ ಹೋದ ಮೇಲೂ ಅವನು ಅದನ್ನು ಅತ್ತಿತ್ತ ಆಡಿಸಿ ಹುಡುಕುತ್ತಿದ್ದ. ಕೊನೆಗೆ ರಕ್ತ ಬಂದಾಗ ಅದು ಹನಿಹನಿಯಾಗಿ ಬಂತು, ಅವನು ಸಿರಿಂಜನ್ನು ಬಲವಾಗಿ ಎಳೆದ. ಪಟ್ಟಿ ಆಗಲೂ ಬಿಗಿದೇ ಇತ್ತು, ನನ್ನ ಮುಷ್ಟಿ ಆಗಲೂ ಆಡುತ್ತಲೇ ಇತ್ತು.

ಸಂಜೆ ಬಂದ ವರದಿಯಲ್ಲಿ ಪೊಟ್ಯಾಸಿಯಂ 6.4 ಎಂದಿತ್ತು. ಸಾಮಾನ್ಯವಾಗಿ ಇದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. 6 ದಾಟಿದರೆ ಹೃದಯದ ಬಡಿತವೇ ತಪ್ಪಬಹುದೆಂಬ ಭಯವಿರುತ್ತದೆ. ಮಾತ್ರೆ ನಿಂತಿತು. ತೋಟದಲ್ಲಿ ತೆಂಗು, ಬಾಳೆಗಳಿರುವ ಮನೆಯಲ್ಲಿ ಎಳನೀರು ಮತ್ತು ಬಾಳೆಹಣ್ಣು ನಿಷಿದ್ಧವಾದವು. ಕಿಡ್ನಿ ಹೋಯಿತೆಂದು ಅತ್ತೆಯವರಿಂದ ಹಿಡಿದು ಎದುರು ಮನೆಯವರವರೆಗೆ ಎಲ್ಲರೂ ತೀರ್ಮಾನಿಸಿದರು. ಅವಸರದಲ್ಲಿ ಇಸಿಜಿ ಮಾಡಿಸಿದಾಗ ಅದರಲ್ಲಿ ದೋಷವಿರಲಿಲ್ಲ, ಕ್ರಿಯಾಟಿನಿನ್ ಕೂಡ ಸರಿಯಾಗಿಯೇ ಇತ್ತು. ಮಾತ್ರೆ ನಿಂತದ್ದರಿಂದ ರಕ್ತದೊತ್ತಡ ಮಾತ್ರ ಮತ್ತೆ ಏರಿತು. ಅಷ್ಟು ಏರಿದ ಪೊಟ್ಯಾಸಿಯಂಗೂ ಸರಿಯಿರುವ ಇಸಿಜಿ, ಕ್ರಿಯಾಟಿನಿನ್‌ಗಳಿಗೂ ಹೊಂದುವುದಿಲ್ಲವೆಂದು ಅನುಮಾನಪಟ್ಟ ವೈದ್ಯರು, ರಕ್ತವನ್ನು ಹೇಗೆ ತೆಗೆದರೆಂದು ನನ್ನನ್ನು ಕೇಳಿದರು. ನಾನು ಹೆಮ್ಮೆಯಿಂದಲೇ ಮುಷ್ಟಿಯ ಕಥೆ ಹೇಳಿದೆ.

ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನರ ಸಿಗದವರೆಲ್ಲರೂ ಮಾಡುವ ಕೆಲಸವಿದು. ದೇಹದ ಪೊಟ್ಯಾಸಿಯಂ ಬಹುಪಾಲು ಜೀವಕೋಶಗಳ ಒಳಗಿರುತ್ತದೆ. ರಕ್ತದ ದ್ರವಭಾಗದಲ್ಲಿರುವುದು ಅತ್ಯಲ್ಪ. ಸ್ನಾಯು ಪ್ರತಿ ಸಲ ಬಿಗಿಯುವಾಗಲೂ ಸ್ವಲ್ಪ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಮೇಲೆ ಪಟ್ಟಿ ಕಟ್ಟಿರುವಾಗ ಆ ರಕ್ತ ಮುಂದೆ ಹರಿಯದೆ ಅಲ್ಲಿಯೇ ನಿಲ್ಲುತ್ತದೆ, ಸೂಜಿ ಎಳೆದುಕೊಳ್ಳುವುದೂ ಆ ರಕ್ತವನ್ನೇ. ಹೀಗೆ ಮುಷ್ಟಿಯಾಡಿಸುವುದೊಂದರಿಂದಲೇ ಆ ಕೈಯ ರಕ್ತದಲ್ಲಿ ಪೊಟ್ಯಾಸಿಯಂ 1 ಅಂಶದಷ್ಟೋ ಅದಕ್ಕಿಂತ ಹೆಚ್ಚೋ ಏರಬಹುದು, ದೇಹದ ಉಳಿದ ಭಾಗದಲ್ಲಿ ಎಲ್ಲವೂ ಸರಿಯಿರುವಾಗಲೂ. ಅದರ ಮೇಲೆ ಸಣ್ಣ ಸೂಜಿಯಿಂದ ಬಲವಾಗಿ ಎಳೆದರೆ ಕೆಂಪು ರಕ್ತಕಣಗಳು ಒಡೆದು, ಅವುಗಳ ಒಳಗಿನದೂ ಇದಕ್ಕೆ ಸೇರುತ್ತದೆ. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿದ್ದರೆ ರಕ್ತದ ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಾರಿ, ಪ್ರೋಟೀನು, ಕ್ಯಾಲ್ಸಿಯಂಗಳ ಅಳತೆಗಳೂ ಹಿಗ್ಗುತ್ತವೆ. ಬಾವಿಯನ್ನು ಕದಡಿ ಕೊಡ ತುಂಬಿಸಿ, ನೀರು ಕೆಸರೆಂದು ಬಾವಿಯನ್ನೇ ದೂರಿದಂತಾಗಿತ್ತು ನಮ್ಮ ವ್ಯವಹಾರ. ಮುಷ್ಟಿಯನ್ನು ಒಮ್ಮೆ ಮೆಲ್ಲಗೆ ಮುಚ್ಚಿ ಹಿಡಿದರೆ ಸಾಕು, ಅದನ್ನು ಆಡಿಸಲೇಬಾರದು.

ಮರುಪರೀಕ್ಷೆಗೆ ನಾನು ಶಿವಮೊಗ್ಗಕ್ಕೆ ಹೋಗಲಿಲ್ಲ. ನಮ್ಮ ಸಮೀಪದ ಸಣ್ಣ ಆಸ್ಪತ್ರೆಯಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಸಿಸ್ಟರ್ ಮೊದಲು ನೀರು ಕುಡಿಸಿದರು, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮೊಣಕೈಗೆ ಸುತ್ತಿ, ಕೈಯನ್ನು ಕುರ್ಚಿಯ ಪಕ್ಕಕ್ಕೆ ಇಳಿಬಿಡಲು ಹೇಳಿ ಬೇರೆಯವರನ್ನು ನೋಡಲು ಹೋದರು. ಮರಳಿ ಬಂದು ಪಟ್ಟಿಯನ್ನು ಮಡಿಕೆಗಿಂತ ನಾಲ್ಕು ಬೆರಳು ಮೇಲೆ ಕಟ್ಟಿ, ಚರ್ಮವನ್ನು ನೋಡದೆ ಬೆರಳ ತುದಿಯಲ್ಲಿ ಒತ್ತಿ ಹುಡುಕಿದರು. ಎಲ್ಲರೂ ಮಡಿಕೆಯ ನಡುವೆ ಅಗೆಯುತ್ತಿದ್ದರೆ ಅವರಿಗೆ ಸಿಕ್ಕಿದ್ದು ಹೆಬ್ಬೆರಳಿನ ಕಡೆಯ ಹೊರಬದಿಯ ನರ. ರೆಕ್ಕೆಯಂಥ ಹಿಡಿಕೆಯ ಬಟರ್‌ಫ್ಲೈ ಸೂಜಿ ಹಾಕಿ, ರಕ್ತ ಬಂದೊಡನೆ ಪಟ್ಟಿ ಸಡಿಲಿಸಿ, ಬೆರಳು ಬಿಚ್ಚಿಕೊಳ್ಳಲು ಹೇಳಿದರು. ಪೊಟ್ಯಾಸಿಯಂ 4.3 ಬಂತು, ಮಾತ್ರೆ ಮತ್ತೆ ಆರಂಭವಾಯಿತು.

ಆದ್ದರಿಂದಲೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನರ ತೋರಿಸುವ ಆ ಯಂತ್ರ ಬೀರುವುದು ಕಣ್ಣಿಗೆ ಕಾಣದ, ಕೆಂಪಿನಾಚೆಗಿನ ಬೆಳಕನ್ನು. ರಕ್ತದ ಹಿಮೋಗ್ಲೋಬಿನ್ ಅದನ್ನು ಹೀರಿಕೊಳ್ಳುವುದರಿಂದ ನರಗಳು ಚರ್ಮದ ಮೇಲೆ ಕಪ್ಪು ಗೆರೆಗಳಾಗಿ ಕಾಣುತ್ತವೆ. ಅದು ತೋರಿಸುವುದು ಮೇಲ್ಮೈಗೆ ಹತ್ತಿರವಿರುವುದನ್ನು ಮಾತ್ರ. ಆ ನರ ಸೂಜಿ ತಾಗಿದೊಡನೆ ಜಾರುತ್ತದೆಯೋ, ಒಳಗೆ ತುಂಬಿಕೊಂಡಿದೆಯೋ ಎಂಬುದನ್ನು ಬೆರಳೇ ಹೇಳಬೇಕು. ರಾತ್ರಿ ಬಸ್ಸಿನ ಪ್ರಯಾಣವನ್ನೂ ಯೋಚಿಸಿ: ದಾರಿಯಲ್ಲಿ ಇಳಿಯಬೇಕಾದೀತೆಂದು ನಮ್ಮ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಹಾಗೆ ಒಣಗಿ, ನಿದ್ದೆಗೆಟ್ಟು ಇಳಿದವರ ಕೈಯಲ್ಲಿ ಯಾವ ಯಂತ್ರ ಏನು ತೋರಿಸೀತು? ಮನೆಗೆ ಬರುವವರ ತೊಂದರೆ ಬೇರೆ. ಅವರೊಬ್ಬರಿಗೆ ಆಗದಿದ್ದರೆ ಪಕ್ಕದ ಕೋಣೆಯಿಂದ ಕರೆಯಲು ಇನ್ನೊಬ್ಬರಿರುವುದಿಲ್ಲ. ತೆಗೆದ ರಕ್ತದ ಕಣಗಳೂ ದ್ರವಭಾಗವೂ ಬೇರ್ಪಡದೆ ಗಂಟೆಗಟ್ಟಲೆ ತಣ್ಣನೆಯ ಪೆಟ್ಟಿಗೆಯಲ್ಲಿ ಸುತ್ತಿದರೆ ಪೊಟ್ಯಾಸಿಯಂ ಮತ್ತೆ ಸುಳ್ಳು ಹೇಳುತ್ತದೆ.

ನಿಮ್ಮೂರಿನಲ್ಲಿಯೇ ಕೈ ಪಳಗಿದವರು ಯಾರೆಂದು ವಿಚಾರಿಸಿ. ಮಕ್ಕಳ ವಾರ್ಡಿನಲ್ಲಿ ದುಡಿದವರಾದರೆ ಇನ್ನೂ ಒಳ್ಳೆಯದು. ಪಟ್ಟಿ ಕಟ್ಟುವ ಮೊದಲೇ, ಹಿಂದಿನ ಸಲ ಯಾವ ಜಾಗದಲ್ಲಿ ಸಿಕ್ಕಿತೆಂದು ಬಾಯಿಬಿಟ್ಟು ಹೇಳಿ. ಒಬ್ಬರು ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಮೂರನೆಯದಕ್ಕೆ ಕೈ ಕೊಡದೆ, ಬೇರೆಯವರನ್ನು ಕರೆಯಿರೆಂದು ಹೇಳಲು ಸಂಕೋಚಪಡಬೇಡಿ. ಅನೇಕ ಆಸ್ಪತ್ರೆಗಳ ನಿಯಮವೂ ಅದೇ ಆಗಿರುತ್ತದೆ. ತಲೆ ಸುತ್ತುವ ಸ್ವಭಾವವಿದ್ದರೆ ಮಲಗಿಯೇ ಕೊಡಿ, ಏಕೆಂದರೆ ರಕ್ತದೊತ್ತಡ ಕುಸಿದಾಗ ಇದ್ದ ನರವೂ ಅಡಗುತ್ತದೆ. ವೈದ್ಯರು ನೀರಿಗೆ ಮಿತಿ ಹಾಕಿಲ್ಲವಾದರೆ ಹಿಂದಿನ ರಾತ್ರಿಯೂ ಬೆಳಗ್ಗೆಯೂ ಧಾರಾಳವಾಗಿ ಕುಡಿಯಿರಿ. ಬರಿಹೊಟ್ಟೆಯ ಪರೀಕ್ಷೆಗೂ ಬರಿಯ ನೀರು ಅಡ್ಡಿಯಲ್ಲ. ಬಚ್ಚಲ ಹಂಡೆಯ ನೀರಿನಲ್ಲಿ ಮೊಣಕೈವರೆಗೆ ಬೆಚ್ಚಗೆ ತೊಳೆದು, ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಹೊರಡಿ.

ಇನ್ನೊಂದು ಮಾತು. ನೀವು ಮಾಡಿಸುತ್ತಿರುವುದಾಗಿ ಬರೆದಿರುವ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ) ಇವೆರಡಕ್ಕೂ ಬರಿಹೊಟ್ಟೆ ಕಡ್ಡಾಯವಲ್ಲ. ನಿಮ್ಮ ವೈದ್ಯರು ಬೇರೆ ಏನನ್ನೂ ಸೇರಿಸಿಲ್ಲವಾದರೆ, ನಸುಕಿನ ಚಳಿಯಲ್ಲಿ ಉಪವಾಸವಿದ್ದು ಓಡುವ ಬದಲು ತಿಂಡಿ ತಿಂದು, ಬಿಸಿಲೇರಿದ ಮೇಲೆ ಹೊಸನಗರದಲ್ಲಿಯೇ ಎರಡಕ್ಕೂ ಒಂದೇ ಸಲಕ್ಕೆ ರಕ್ತ ಕೊಟ್ಟು ಬನ್ನಿ. ಥೈರಾಯ್ಡ್ ಮಾತ್ರೆ ನುಂಗುವವರಾದರೆ, ಆ ದಿನದ ಮಾತ್ರೆಯನ್ನು ರಕ್ತ ಕೊಡುವ ಮೊದಲೋ ಆಮೇಲೋ ಎಂಬುದನ್ನು ಮಾತ್ರ ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ.